ಕಣ್ಣಿಗೆ ಕತ್ತಲು ರೂಢಿಯಾಗುವವರೆಗೆ

ಕೊಲ್ಲಾಪುರದ ಪ್ರಯೋಗಾಲಯದಲ್ಲಿ ನನ್ನ ಪಕ್ಕದ ಮೇಜು ಅವಳದಾಗಿತ್ತು. ಗಡಿಭಾಗದ ಗಡಹಿಂಗ್ಲಜದ ಕನ್ನಡದವಳು. ಕ್ಯಾನ್ಸರ್ ಕೋಶಕ್ಕೆ ಅಂಟಿ ಹೊಳೆಯುವ ನ್ಯಾನೋ ಕಣಗಳನ್ನು ತಯಾರಿಸುವುದು ನಮ್ಮಿಬ್ಬರ ಕೆಲಸ. ಸೂಕ್ಷ್ಮದರ್ಶಕದ ಮುಂದೆ ಅವಳು ದೀಪ ಆರಿಸಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದಳು. ನಾನು ಅವಸರ ಮಾಡಿದರೆ, "ತಡೀರಿ, ಕಣ್ಣಿಗೆ ಕತ್ತಲಿ ರೂಢಿ ಆಗ್ಲಿ. ಕಾಣತೈತಿ," ಎನ್ನುತ್ತಿದ್ದಳು.

ನನ್ನ ಕಣಗಳು ಆರೋಗ್ಯವಂತ ಕೋಶಗಳಿಗೂ ಅಂಟಿ ಎಲ್ಲವನ್ನೂ ಬೆಳಗಿಸುತ್ತಿದ್ದವು. "ನಿಮ್ಮವು ಭಾಳ ಮಾಯಾಳು ಅದಾವ್ರಿ, ಮಮತೀಲೆ ಎಲ್ಲಾರನ್ನೂ ಹಚ್ಕೋತಾವ," ಎಂದು ನಕ್ಕಿದ್ದಳು.

ಒಂದು ದಿನ ಅವಳ ಕಣಗಳು ಕ್ಯಾನ್ಸರ್ ಕೋಶಗಳನ್ನಷ್ಟೇ ಹಿಡಿದು ಹೊಳೆದವು. ನಮ್ಮ ಗೈಡ್ ಸರ್ ಪೇಡೆ ತರಿಸಿದರು. ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೂಲೆಗೆ ಸರಿಸಿದೆ. ಎಲ್ಲರೂ ಊಟಕ್ಕೆ ಹೋದ ಮೇಲೆ, ಆರೋಗ್ಯವಂತ ಕೋಶ ಒಂದಾದರೂ ತಪ್ಪಿ ಹೊಳೆಯುತ್ತಿದೆಯೇ ಎಂದು ಅವಳ ಸೂಕ್ಷ್ಮದರ್ಶಕದಲ್ಲಿ ಹುಡುಕುತ್ತ ಕೂತೆ.

ಹಿಂದಿನಿಂದ ಅವಳ ದನಿ ಕೇಳಿತು: "ಇನ್ನೂ ಸ್ವಲ್ಪ ತಡೀರಿ. ಕಾಣತೈತಿ."