ಔತಣದ ದಿನ ವಿಳಾಸ ಸಿಗದ ಕಂಪ್ಯೂಟರ್

ಪರದೆ ಖಾಲಿಯಾದ ಕೂಡಲೇ ಜೂರಾಕಾನ್ ಕಿಟಕಿಯಾಚೆಗಿನ ಬಿಸಿಲನ್ನು ನೋಡಿದಳು. ವಾರದಿಂದ ಅದರ ಕಾವು ಇಳಿದಿರಲಿಲ್ಲ. ಕಣಿವೆಯ ನೆತ್ತಿಯಲ್ಲಿ ಹಿಮನದಿ ಕರಗುತ್ತಿತ್ತು. ಅದರ ಬುಡದ ಸರೋವರ ಬೆಳಗ್ಗೆಯೇ ಅಂಚಿನವರೆಗೆ ತುಂಬಿತ್ತು. ಸರೋವರದ ಕೆಳಗೆ, ಹೊಳೆಯ ದಡದ ಹುಲ್ಲುಗಾವಲಿನಲ್ಲಿ ಬೇಸಿಗೆಗೆ ಕುರಿ ಮೇಯಿಸುವವರ ಐದಾರು ಗುಡಾರಗಳು. ಅವುಗಳಲ್ಲೊಂದು ತಂಗಿ ಬಾತ್ಮಾಳದ್ದು. ಅಲ್ಲಿಗೆ ಫೋನು ತಾಗುವುದಿಲ್ಲ.

ಜೂರಾಕಾನ್ ಕೋಕ್-ಬುಲಾಕ್ ಊರಿನ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತಳಾದವಳು. ಈಗ ಊರಿನ ಕಚೇರಿಯ ಹಿಂಕೋಣೆಯಲ್ಲಿ ಕೂತು, ಮೇಲಿನ ಸರೋವರದಲ್ಲಿಟ್ಟ ಎರಡು ಸಲಕರಣೆಗಳು ಕಳಿಸುವ ನೀರಿನ ಮಟ್ಟವನ್ನು ಕಾಯುವುದು ಅವಳ ಕೆಲಸ. ಊರಿಗೆಲ್ಲ ಅವಳು ಎಜೆ, ಅಂದರೆ ಅಕ್ಕ. ಕೆಟ್ಟದ್ದು ಹೊಲಿಗೆಯಂತ್ರವೇ ಆಗಲಿ, ಒಲೆಯೇ ಆಗಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು ಅವಳ ಪದ್ಧತಿ. ಹೋದ ವರ್ಷ ಮಾತ್ರ ಹಾಗೆ ಪರೀಕ್ಷಿಸಿ ನೋಡಿರಲಿಲ್ಲ. ಹೆಪ್ಪುಗಟ್ಟಿದ ಒಂದು ಸಲಕರಣೆ ಕೊಟ್ಟ ಸುಳ್ಳು ಲೆಕ್ಕ ನಂಬಿ ಜನರನ್ನು ಗುಡ್ಡ ಹತ್ತಿಸಿದ್ದಳು. ಕುರಿಗಳು ಚೆದುರಿದವು, ನೀರು ಬರಲಿಲ್ಲ. ಅಂದಿನಿಂದ ಹುಡುಗರು, "ಎಜೆ, ಇವತ್ತು ಓಡ್ಬೇಕಾ, ಕೂತ್ಕೋಬಹುದಾ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು.

ಆ ದಿನ ಊರಿನ ಮುಖಂಡ ಕುಬಾತ್‌ನ ತಂದೆ ತೀರಿ ವರ್ಷ ತುಂಬಿದ ಔತಣ. ಕಚೇರಿಯ ಹಿಂದಿನ ಬಯಲಿನಲ್ಲಿ ಮೂರು ಕಣಿವೆಗಳ ಜನ ನೆರೆದಿದ್ದರು. ಹಂಡೆಗಳಲ್ಲಿ ಕುದುರೆ ಮಾಂಸ ಬೇಯುತ್ತಿತ್ತು, ಆಡಿನ ಕಳೇಬರಕ್ಕಾಗಿ ಸೆಣಸುವ ಸವಾರರು ಆಟಕ್ಕೆ ಸಜ್ಜಾಗುತ್ತಿದ್ದರು. ಧ್ವನಿವರ್ಧಕ ಹಚ್ಚಿದ ಕ್ಷಣದಲ್ಲಿ ಕರೆಂಟು ಹೋಗಿ ಬಂತು. ಎಲ್ಲವೂ ಮತ್ತೆ ಹೊತ್ತಿಕೊಂಡಿತು. ಜೂರಾಕಾನಳ ಕಂಪ್ಯೂಟರ್ ಮಾತ್ರ ಸಂಪರ್ಕವಿಲ್ಲ ಎಂದಿತು.

ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಹಸಿರು ದೀಪ ಮಿನುಗಿತು, ತಂತಿಯಲ್ಲಿ ದೋಷವಿರಲಿಲ್ಲ. ಜಾಲದಲ್ಲಿ ಕಂಪ್ಯೂಟರಿಗೆ ಸಿಕ್ಕ ವಿಳಾಸ ತೆಗೆದು ನೋಡಿದರೆ, 169ರಿಂದ ಶುರುವಾಗುವ ಸಂಖ್ಯೆ. ಕೇಳಿದೆ, ಯಾರೂ ಕೊಡಲಿಲ್ಲ, ನಾನೇ ಒಂದು ಇಟ್ಟುಕೊಂಡೆ ಎಂದು ಕಂಪ್ಯೂಟರ್ ಹೇಳುವ ರೀತಿ ಅದು. ಕಂಪ್ಯೂಟರನ್ನು ಆರಿಸಿ ಹೊತ್ತಿಸಿದಳು. ಮತ್ತೆ 169.

ಬಾಗಿಲಲ್ಲಿ ಕುಬಾತ್ ನಿಂತ. ಔತಣದ ಬಿಳಿ ಟೋಪಿ, ಬೆವರಿದ ಮುಖ.

"ಎಜೆ, ಹಿರಿಯರು ಊಟಕ್ಕೆ ಕೂತಾಯ್ತು. ನೀವು ಬರ್ಲಿಲ್ಲ ಅಂದ್ರೆ ಅಪ್ಪನ ಆತ್ಮ ಏನಂದ್ಕೊಂಡೀತು?"

"ಸರೋವರ ಕಾಣ್ತಿಲ್ಲ ಕುಬಾತ್. ನಾಕು ಸವಾರರನ್ನ ಕೊಡು, ಮೇಲಕ್ಕೆ ಕಳ್ಸೋಣ."

"ಏನ್ ಹೇಳಿ ಕಳ್ಸ್ಲಿ? ಪರದೆ ಕಪ್ಪಾಗಿದೆ, ಓಡಿ ಅಂತಾನಾ? ಹೋದ್ ಸಲ ಕುರಿ ಹುಡುಕೋಕೆ ಯಾರ್ ಹೋಗಿದ್ದು, ನಾನೇ ತಾನೆ? ಒಂದು ಲೆಕ್ಕ ತೋರ್ಸಿ. ಆಟ ನಿಲ್ಸಿ ಅಷ್ಟೂ ಜನಾನ ಕಳ್ಸ್ತೀನಿ."

ಅವನು ಹೇಳಿದ್ದು ನ್ಯಾಯವೇ ಆಗಿತ್ತು. ಅವಳು ಮತ್ತೆ ಯಂತ್ರಗಳ ಕಡೆ ತಿರುಗಿದಳು.

ಇನ್ನು ಉಳಿದದ್ದು ವಿಳಾಸ ಹಂಚುವ ಪೆಟ್ಟಿಗೆ, ರೂಟರ್. ಅದರ ಪ್ಲಗ್ ಕಿತ್ತಳು.

ಕಿಟಕಿಯಾಚೆ ಬಯಲಿಗೆ ಬಯಲೇ "ಅಯ್ಯೋ!" ಎಂದಿತು. ಗಂಡಸರು, ಹೆಂಗಸರು, ಕುದುರೆಯ ಮೇಲಿದ್ದವರು, ಎಲ್ಲರೂ ಕೈಯಲ್ಲಿದ್ದ ಫೋನಿನಿಂದ ಒಟ್ಟಿಗೆ ತಲೆಯೆತ್ತಿದರು.

ಜೂರಾಕಾನ್ ಪ್ಲಗ್ ಹಿಡಿದುಕೊಂಡೇ ಕೂಗಿದಳು. "ಶಾರ್ಶೆನ್ ಬೈಕೆ!"

ಅವಳು ಬೈಕೆ, ಅಂದರೆ ಅಣ್ಣ, ಎಂದು ಕರೆಯುವ ಕಚೇರಿಯ ಕಾವಲುಗಾರ ಶಾರ್ಶೆನ್ ಕೈಯಲ್ಲಿ ಮಾಂಸದ ಎಲುಬು ಹಿಡಿದೇ ಬಂದ.

"ಬೈಕೆ, ಕಚೇರಿ ವೈಫೈ ಪಾಸ್‌ವರ್ಡ್ ಯಾರ್‍ಯಾರಿಗೆ ಕೊಟ್ಟಿದ್ದೀರಿ?"

"ಕೇಳಿದೋರಿಗೆಲ್ಲ ಕೊಟ್ಟೆ. ಕೇಳೋಕೆ ನಾಚ್ಕೊಂಡೋರಿಗೆ ನಾನೇ ಕರ್ದು ಕೊಟ್ಟೆ. ಮನೆಗ್ ಬಂದ ಅತಿಥಿಗೆ ಇಲ್ಲ ಅನ್ನೋಕಾಗುತ್ತಾ? ನಿಮ್ ಭೌತಶಾಸ್ತ್ರದಲ್ಲಿ ಹಾಗಿದ್ಯಾ?"

ಅವಳು ಬೈಯಲಿಲ್ಲ. ಈಗ ಎಲ್ಲವೂ ಒಂದಕ್ಕೊಂದು ಕೂಡಿತ್ತು. ಪೆಟ್ಟಿಗೆಯ ಬಳಿ ಇರುವುದು ಇಂತಿಷ್ಟೇ ವಿಳಾಸ. ಕರೆಂಟು ಮರಳಿದಾಗ ಕಂಪ್ಯೂಟರ್ ನಿಧಾನಕ್ಕೆ ಏಳುವಷ್ಟರಲ್ಲಿ ನೂರಾರು ಫೋನುಗಳು ಎಲ್ಲವನ್ನೂ ಹಿಡಿದು ಕೂತಿದ್ದವು. ಹಾಗಾದರೆ ಪ್ಲಗ್ ಹಾಕಿದೊಡನೆ ಕಂಪ್ಯೂಟರೇ ಮೊದಲು ಕೇಳಲಿ ಎಂದು ಹಾಕಿ ನೋಡಿದಳು. ಹೊರಗೆ ಹರ್ಷೋದ್ಗಾರ. ಒಳಗೆ ಮತ್ತೆ 169. ಫೋನುಗಳೇ ಗೆದ್ದಿದ್ದವು. ಪೆಟ್ಟಿಗೆಯೊಳಗೆ ಹೊಕ್ಕು ಅವುಗಳನ್ನು ಹೊರಹಾಕಲು ಬೇಕಾದ ಗುಪ್ತಪದ ನಗರದ ತಂತ್ರಜ್ಞನ ಬಳಿಯಿತ್ತು.

ಅವಳು ಕಣ್ಣುಮುಚ್ಚಿ ಯೋಚಿಸಿದಳು. ಸರೋವರದ ಲೆಕ್ಕ ಬರುವುದು ಮೂಲೆಯಲ್ಲಿರುವ, ರೇಡಿಯೋ ಸಂಕೇತ ಹಿಡಿಯುವ ಯಂತ್ರಕ್ಕೆ; ಕಂಪ್ಯೂಟರ್ ಅದರಿಂದ ಓದಿಕೊಳ್ಳುತ್ತದೆ. ಅದು ಯಾರನ್ನೂ ವಿಳಾಸ ಕೇಳುವುದಿಲ್ಲ. ತಂತ್ರಜ್ಞ ಅದಕ್ಕೆ 200 ಎಂದು ಕೈಯಾರೆ ಬರೆದಿದ್ದ. ಪೆಟ್ಟಿಗೆ ಹಂಚುವ ಸಂಖ್ಯೆಗಳು ಅಷ್ಟು ದೂರ ಬರುವುದಿಲ್ಲ ಎಂದೂ ಹೇಳಿದ್ದ. ಹಾಗಿದ್ದರೆ ಪಕ್ಕದ ಸಂಖ್ಯೆಯೂ ಖಾಲಿ ಇರಬೇಕು. ತಾನಾಗಿ ಪಡೆ ಎಂಬಲ್ಲಿದ್ದ ಗುರುತು ತೆಗೆದು, ವಿಳಾಸದ ಕೊನೆಯ ಸಂಖ್ಯೆಯಾಗಿ 201 ಒತ್ತಿದಳು. ಆತುರಕ್ಕೆ ಒಂದು ಚುಕ್ಕೆ ತಪ್ಪಿತು. ಅಳಿಸಿ ಮತ್ತೆ ಬರೆದಳು.

ಪರದೆಯ ಮೇಲೆ ಸಲಕರಣೆಗೊಂದರಂತೆ ಎರಡು ಗೆರೆಗಳು ಮೂಡಿದವು. ಕಾಣದೆ ಹೋಗಿದ್ದ ಹೊತ್ತಿನ ಲೆಕ್ಕವೂ ಒಟ್ಟಿಗೆ ಬಂತು.

ಕುಬಾತ್ ಬಗ್ಗಿ ನೋಡಿದ. "ಇಳೀತಿದೆಯಲ್ಲ ಎಜೆ! ದೇವ್ರು ದೊಡ್ಡವ್ನು. ನಡೀರಿ ಊಟಕ್ಕೆ."

"ಎಷ್ಟ್ ಜೋರಾಗಿ ಇಳೀತಿದೆ ನೋಡು," ಎಂದಳು ಜೂರಾಕಾನ್. ಬೆರಳನ್ನು ಗೆರೆಯ ಮೇಲಿಟ್ಟಳು. "ಬಿಸಿಲಿಗೆ ಸರೋವರ ತುಂಬುತ್ತೆ, ಬತ್ತಲ್ಲ. ಹಿಮದ ಅಡಿಯಲ್ಲೆಲ್ಲೋ ನೀರಿಗೆ ದಾರಿ ಸಿಕ್ಕಿದೆ. ಆ ನೀರು ಈಗ ಹೊಳೆಗೆ ಬೀಳ್ತಿದೆ, ದಾರಿ ದೊಡ್ಡದಾದ್ರೆ ಒಮ್ಮೆಗೇ ಬರುತ್ತೆ ಕುಬಾತ್."

"ಹೋದ್ ಸಲದ ಹಾಗೆ ಸಲಕರಣೆ…"

"ಹೋದ್ ಸಲ ಒಂದನ್ನೇ ನಂಬಿದ್ದೆ. ಇವತ್ತು ಎರಡೂ ಒಂದೇ ಮಾತು ಹೇಳ್ತಿವೆ."

ಅವನು ಎರಡೂ ಗೆರೆಗಳನ್ನು ನೋಡಿದ. ಟೋಪಿ ತೆಗೆದು ಜೇಬಿಗೆ ತುರುಕಿ ಹೊರಗೋಡಿದ. ಧ್ವನಿವರ್ಧಕದಲ್ಲಿ ಅವನ ದನಿ ಬಿರುಕುಬಿಟ್ಟಿತು. "ಆಟ ನಿಲ್ಸಿ! ಗಟ್ಟಿ ಕುದುರೆ ಇರೋರೆಲ್ಲ ಹೊಳೆದಡದ ಗುಡಾರಗಳಿಗೆ ಹೋಗಿ, ಜನಾನ ಗುಡ್ಡ ಹತ್ಸಿ! ಸಾಮಾನು ಬಿಟ್ಬಿಡಿ, ಜನ ಮಾತ್ರ!" ಆಡಿನ ಕಳೇಬರ ಧೂಳಿನಲ್ಲಿ ಉಳಿಯಿತು. ಗೊರಸಿನ ಸದ್ದು ಕಣಿವೆಯ ತಿರುವಿನಲ್ಲಿ ಅಡಗಿತು.

ಆಮೇಲೆ ಅವಳಿಗಿದ್ದ ಕೆಲಸ ಕೂತು ನೋಡುವುದೊಂದೇ. ಗೆರೆಗಳು ಇಳಿಯುತ್ತಲೇ ಹೋದವು. ಶಾರ್ಶೆನ್ ತಂದಿಟ್ಟ ಚಹಾ ಆರಿತು. ಬಹಳ ಹೊತ್ತಿನ ನಂತರ ಕಿಟಕಿಯ ಗಾಜು ಅದುರಿತು. ದೂರದಲ್ಲಿ ಬಂಡೆ ಬಂಡೆಗೆ ತಾಗುವ ಸದ್ದು. ಹೊಳೆ ಊರಿನ ಹೊರಗೆ ಕಪ್ಪಗೆ, ಮರಗಳನ್ನು ಹೊತ್ತು ಹಾದುಹೋಯಿತು. ಅದರಲ್ಲೊಂದು ಗುಡಾರದ ಕೆಂಪು ಬಣ್ಣದ ಮರದ ಬಾಗಿಲೂ ತೇಲಿತು. ಅವಳು ಅತ್ತ ನೋಡಲಿಲ್ಲ.

ಸಂಜೆಗೆ ಸವಾರರು ಮರಳಿದರು. ಒಬ್ಬೊಬ್ಬರ ಹಿಂದೆಯೂ ಒಬ್ಬೊಬ್ಬರು. ಬಾತ್ಮಾ ಕುದುರೆಯಿಂದ ಇಳಿದವಳೇ ಅಕ್ಕನ ಮೇಲೆ ಎರಗಿದಳು.

"ಅಮ್ಮ ಕೈಯಾರೆ ಮಾಡಿದ ಉಣ್ಣೆ ಹಾಸು ಹೋಯ್ತು! ಹಂಡೆ ಹೋಯ್ತು! ಇನ್ನೊಂದ್ ಸ್ವಲ್ಪ ಮೊದ್ಲೇ ಹೇಳಿದ್ರೆ ಸುತ್ಕೊಂಡ್ ಬರ್ತಿದ್ದೆ. ಕೂತ್ಕೊಂಡು ಏನ್ ಮಾಡ್ತಿದ್ದೆ ನೀನು?"

ಆ ಹೊತ್ತು ಎಲ್ಲಿ ಹೋಯಿತೆಂದು ಜೂರಾಕಾನ್ ವಿವರಿಸಲಿಲ್ಲ. ತಂಗಿಯ ಕೂದಲಿಗೆ ಮೆತ್ತಿದ್ದ ಕೆಸರನ್ನು ಉಗುರಿನಿಂದ ಬಿಡಿಸುತ್ತಾ, "ಬೈಯಿ, ಇನ್ನೂ ಬೈಯಿ," ಎಂದಳು.