ಓನರಜ್ಜಿಯ ಗಾಳ

ಕಳೆದ ತಿಂಗಳು ಮಾದನಾಯಕನಹಳ್ಳಿಯ ಗೋದಾಮೊಂದಕ್ಕೆ ಮಾಲು ತಲುಪಿಸಿ ಪೀಣ್ಯಕ್ಕೆ ಹಿಂದಿರುಗುತ್ತಿದ್ದಾಗ ಸ್ಕೂಟರಿನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಪಂಕ್ಚರ್ ಅಂಗಡಿಯ ಪಕ್ಕದಲ್ಲೇ ಒಂದು ಬೂಸಾ ಅಂಗಡಿ. ಲಾರಿಯಿಂದ ಇಳಿಸುತ್ತಿದ್ದ ಚೀಲವೊಂದು ಹರಿದು ಕಡಲೆಕಾಯಿ ಹಿಂಡಿ ನೆಲಕ್ಕೆಲ್ಲ ಚೆಲ್ಲಿತ್ತು. ಎಣ್ಣೆ ತೆಗೆದ ಮೇಲೂ ಉಳಿಯುವ ಆ ಜಿಡ್ಡಿನ ವಾಸನೆ, ಸ್ವಲ್ಪ ಸಿಹಿ, ಸ್ವಲ್ಪ ಕಮಟು... ಎಷ್ಟೋ ವರ್ಷಗಳಿಂದ ಮೂಗಿಗೆ ಬಿದ್ದಿರಲಿಲ್ಲ. ನನಗೆ ಹಸು ಇಲ್ಲ, ಎಮ್ಮೆ ಇಲ್ಲ. ಹಿಂಡಿಯ ವಾಸನೆ ಎಂದರೆ ನನಗೆ ಕೆರೆ. ಕೆರೆ ಎಂದರೆ ನಮ್ಮ ಓನರಜ್ಜಿ.

ಅವರ ಮನೆಯ ಹಿಂದಿನ ಸಾಲು ರೂಮುಗಳಲ್ಲಿ ಒಂದರಲ್ಲಿ ನಾನು ಐದು ವರ್ಷ ಬಾಡಿಗೆಗೆ ಇದ್ದೆ. ಗದಗದ ಕಡೆಯ ಹಳ್ಳಿಯಿಂದ ಐಟಿಐ ಮುಗಿಸಿ ಬಂದು ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಕೆಲಸಕ್ಕೆ ಸೇರಿದ್ದೆ. ಎಂಟು ರೂಮುಗಳಲ್ಲಿ ಆರರಲ್ಲಿ ನಮ್ಮ ಕಡೆಯವರೇ. ಎಲ್ಲರೂ ಆಕೆಯನ್ನು ಓನರಜ್ಜಿ ಎಂದೇ ಕರೆಯುತ್ತಿದ್ದೆವು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಅವರ ಹೊಲಗಳ ಮೇಲೆ ಈಗ ಗೋದಾಮುಗಳು ನಿಂತಿದ್ದವು. ಮನೆಗೆ ಗ್ರಾನೈಟ್ ಹಾಸಿತ್ತು, ಮಗನಿಗೆ ಕಾರಿತ್ತು. ಅಜ್ಜಿ ಮಾತ್ರ ಬೆಳಿಗ್ಗೆ ಬಿಸಿಲು ಏರುವ ಮುಂಚೆ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಒಂದು ಕೈಯಲ್ಲಿ ಪೇಂಟಿನ ಖಾಲಿ ಬಕೆಟ್, ಇನ್ನೊಂದರಲ್ಲಿ ಬಿದಿರಿನ ಗಾಳದ ಕೋಲು ಹಿಡಿದು ಮನೆಯ ಹಿಂದಿನ ಕೆರೆಗೆ ಹೊರಟುಬಿಡುತ್ತಿದ್ದರು.

ಮಗನಿಗೆ ಇದು ಸೇರುತ್ತಿರಲಿಲ್ಲ. "ನಾಲ್ಕು ಬಿಲ್ಡಿಂಗ್ ಇಟ್ಕೊಂಡು ಗಾಳ ಹಾಕ್ತಾ ಕೂತ್ರೆ ಜನ ಏನಂತಾರಮ್ಮ?" ಎಂದು ಅವರು ಕೇಳಿದ್ದು ಒಮ್ಮೆ ನನ್ನ ಕಿವಿಗೇ ಬಿತ್ತು. "ಜನಕ್ಕೆ ಮೀನು ಸಿಗಾಕಿಲ್ಲ. ಅದ್ಕೆ ಅಂತಾರೆ," ಎಂದು ಅಜ್ಜಿ ಚಪ್ಪಲಿ ಹುಡುಕುತ್ತಾ ಹೇಳಿದರು.

ಮೊದಲ ಎರಡು ವರ್ಷ ಅವರಿಗೂ ನನಗೂ ನೀರು ಬಂತಾ, ಮೋಟರ್ ಹಾಕಿದ್ರಾ ಎನ್ನುವಷ್ಟೇ ಮಾತು. ನಾನು ಮೀನು ತಿನ್ನುವ ಮನೆಯವನಲ್ಲ. ಅವರ ಅಡುಗೆಮನೆಯಿಂದ ಮೀನುಸಾರಿನ ವಾಸನೆ ಬಂದ ದಿನ ಕಿಟಕಿ ಮುಚ್ಚಿಕೊಳ್ಳುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಮೂರನೆಯ ವರ್ಷ ಒಂದು ಮಧ್ಯಾಹ್ನ ವರ್ಕ್‌ಶಾಪಿನ ಪ್ರೆಸ್ಸಿನಲ್ಲಿ ನನ್ನ ಬಲಗೈ ಸಿಕ್ಕಿತು. ಅದು ನನ್ನ ಮಷೀನಲ್ಲ. ಆಪರೇಟರ್ ರಜೆಯಲ್ಲಿದ್ದ, ಅವನ ಜಾಗದಲ್ಲಿ ನಾನು ನಿಂತಿದ್ದೆ. ತೋರುಬೆರಳು, ನಡುಬೆರಳು ಎರಡೂ ಅರ್ಧಕ್ಕೆ ಹೋದವು. ಆಸ್ಪತ್ರೆಯಿಂದ ರೂಮಿಗೆ ಬಂದ ಮೇಲೆ ನಾನು ಬಾಗಿಲು ಹಾಕಿಕೊಂಡು ಮಲಗಿದೆ. ರೂಮಿನ ಗೆಳೆಯ ಕೆಲಸಕ್ಕೆ ಹೋಗುವ ಮುಂಚೆ ಅನ್ನ ಮಾಡಿಟ್ಟು ಹೋಗುತ್ತಿದ್ದ, ಬಂದು ನೋಡಿದರೆ ಹಾಗೇ ಇರುತ್ತಿತ್ತು. ಊರಿನಿಂದ ಅವ್ವ ಫೋನ್ ಮಾಡಿದರೆ ಓವರ್‌ಟೈಮ್ ಇದೆ ಎಂದು ಇಟ್ಟುಬಿಡುತ್ತಿದ್ದೆ. ಟರ್ನರ್ ಕೆಲಸವೆಂದರೆ ಬೆರಳ ತುದಿಯ ಕೆಲಸ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದದ್ದು ಅಲ್ಲಿಗೇ ತಿಳಿಯುತ್ತದೆ. ಆ ತುದಿಗಳೇ ಇಲ್ಲದ ಮೇಲೆ ಇನ್ನೇನು ಎಂದು ಛಾವಣಿಯ ಶೀಟು ನೋಡುತ್ತಾ ಬಿದ್ದಿರುತ್ತಿದ್ದೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆಗೆದರೆ ಓನರಜ್ಜಿ.

"ಬಾರಪ್ಪಾ, ಈ ಬಕೀಟು ಇಡ್ಕೊ. ನಂಗೆ ಸೊಂಟ ನೋವು."

ನಾನು ಕಟ್ಟು ಹಾಕಿದ ಕೈ ತೋರಿಸಿದೆ.

"ಎಡಗೈ ನೆಟ್ಟಗೈತಲ್ಲ," ಎಂದು ತಿರುಗಿ ನಡೆದೇಬಿಟ್ಟರು.

ಓನರ್ ಮಾತು ಮೀರುವುದು ಹೇಗೆಂದು ಹಿಂದೆ ಹೋದೆ. ಬಕೆಟ್ಟಿನಲ್ಲಿ ನೆನೆಸಿದ ಹಿಂಡಿಯ ಒಂದು ಡಬ್ಬಿ, ರಾತ್ರಿ ಉಳಿದ ಮುದ್ದೆಯ ಒಂದು ತುಂಡು. ಕೆರೆಯ ಏರಿಯ ಮೇಲೆ ಕೂರುತ್ತಾರೆ ಎಂದುಕೊಂಡಿದ್ದೆ. ಅವರು ಏರಿ ದಾಟಿ, ಸುತ್ತು ಹಾಕಿ, ಮಳೆನೀರಿನ ಕಾಲುವೆ ಬಂದು ಸೇರುವ ಮೂಲೆಗೆ ನಡೆದರು. ನಿಂತು ಸೆರಗಿನ ತುದಿ ಎತ್ತಿ ಗಾಳಿ ನೋಡಿದರು. ಗಾಳಿ ಮುಖಕ್ಕೆ ಹೊಡೆಯುವ ದಡದಲ್ಲೇ ಕೂರಬೇಕಂತೆ. ಅಲೆ ತಳ್ಳಿಕೊಂಡು ಬಂದ ಹುಳಹುಪ್ಪಟೆಯೆಲ್ಲ ಆ ದಡಕ್ಕೆ ಸೇರುತ್ತದೆ, ಹಿಂದೆಯೇ ಮೀನೂ ಬರುತ್ತದೆ. ನೆರಳು ನೀರಿನ ಮೇಲೆ ಬೀಳಬಾರದು. ಕಾಲು ಅಪ್ಪಳಿಸಿ ನಡೆಯಬಾರದು. ಇದನ್ನೆಲ್ಲ ಪಾಠದ ಹಾಗೆ ಹೇಳಲಿಲ್ಲ. ನಾನು ತಪ್ಪು ಮಾಡಿದಾಗ ಒಂದೊಂದಾಗಿ ಬೈದರು.

ಹಿಂಡಿಯನ್ನು ಹಿಡಿಯಷ್ಟು ನೀರಿಗೆ ಎರಚಿ ಸುಮ್ಮನೆ ಕುಳಿತರು. ಆಮೇಲೆ ಮುದ್ದೆಯಲ್ಲಿ ಅದೇ ಹಿಂಡಿ ಕಲಸಿ ಕಡಲೆಕಾಳಿನಷ್ಟು ಉಂಡೆ ಮಾಡಿ ಗಾಳಕ್ಕೆ ಸಿಕ್ಕಿಸಿದರು. ದಾರಕ್ಕೆ ಕಟ್ಟಿ ನೀರ ಮೇಲೆ ತೇಲಿಬಿಟ್ಟಿದ್ದ ಬೆಂಡು ನಡುಗಿತು. ನಾನು "ಎಳೀರಿ, ಎಳೀರಿ" ಎಂದೆ.

"ಈಗ ಅದು ನೋಡ್ತಾ ಐತೆ, ತಿನ್ತಾ ಇಲ್ಲ. ಬೆಂಡು ಮಲಗ್ಬೇಕು, ಆಮೇಲೆ ಓಗ್ಬೇಕು. ಓಗೋವಾಗ ಎಳಿ."

ಬೆಂಡು ಮಲಗಿತು, ಓರೆಯಾಗಿ ಜಾರಿ ಮುಳುಗಿತು. ಅಂಗೈಯಗಲದ ಜಿಲೇಬಿ ಮೀನು ಬಿಸಿಲಿಗೆ ಹೊಳೆಯುತ್ತಾ ಬಂತು.

ಮರುದಿನವೂ ಬಾಗಿಲು ಬಡಿದರು. ಅದರ ಮರುದಿನವೂ. ನಾಲ್ಕನೆಯ ದಿನ ಇನ್ನೊಂದು ಕೋಲು ತಂದು, ತಂಗೂಸಿ ಎನ್ನುವ ನೈಲಾನ್ ದಾರದ ಉಂಡೆ, ಒಂದು ಗಾಳ ನನ್ನ ಮುಂದಿಟ್ಟು "ಕಟ್ಟು" ಎಂದರು. ಕಣ್ಣಿಗೆ ಕಾಣದಷ್ಟು ತೆಳು ದಾರವನ್ನು ಗಾಳದ ಕುತ್ತಿಗೆಗೆ ಸುತ್ತಿ ಗಂಟು ಹಾಕಬೇಕು. ಎರಡೂ ಕೈ ನೆಟ್ಟಗಿದ್ದವರಿಗೇ ಕಷ್ಟ. ದಾರ ಜಾರಿತು, ಗಾಳ ಹುಲ್ಲಿನಲ್ಲಿ ಬಿತ್ತು, ಹುಡುಕಿದೆ, ಮತ್ತೆ ಜಾರಿತು. ಅವರು ನನ್ನ ಕಡೆ ನೋಡಲೂ ಇಲ್ಲ. ಆಗುವುದಿಲ್ಲ ಅಜ್ಜಿ ಎಂದೆ. "ಅಲ್ಲು ಐತಲ್ಲ," ಎಂದರು. ಅವರಿಗೆ ಹಲ್ಲು ಅಲ್ಲಾಗುತ್ತಿತ್ತು. ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು.

ಆ ಗಂಟು ಬೀಳಲು ಒಂದು ವಾರ ಹಿಡಿಯಿತು. ಹಲ್ಲಿನಲ್ಲಿ ದಾರದ ತುದಿ ಕಚ್ಚಿ, ಹೆಬ್ಬೆರಳು ಮತ್ತು ಉಂಗುರ ಬೆರಳ ನಡುವೆ ಗಾಳ ಹಿಡಿದು, ಎಡಗೈಯಲ್ಲಿ ಸುತ್ತಿ... ಎಳೆದೆ, ಬಿಗಿಯಿತು. ಅದೇ ಬೆಳಿಗ್ಗೆ ನನ್ನ ಗಾಳಕ್ಕೆ ಮೊದಲ ಮೀನು ಬಿತ್ತು. ಬಿಡಿಸಲು ಹೋದಾಗ ಅದರ ಬೆನ್ನಿನ ಮುಳ್ಳು ಆಗಷ್ಟೇ ಕಟ್ಟು ಬಿಚ್ಚಿದ್ದ ಮೊಂಡು ಬೆರಳಿಗೆ ಚುಚ್ಚಿತು. ಅಷ್ಟು ದಿನ ಆ ಬೆರಳಿನಲ್ಲಿ ಒಳಗಿನ ನೋವು ಮಾತ್ರ ಇತ್ತು. ಹೊರಗಿನಿಂದ ಏನೋ ತಾಗಿದ್ದು ಅದೇ ಮೊದಲು. ನನಗೆ ಅಳು ಬಂತು. ಅಜ್ಜಿ ತಮ್ಮ ಬೆಂಡನ್ನೇ ನೋಡುತ್ತಾ ಕುಳಿತಿದ್ದರು. ಕಣ್ಣು ತೆಗೆಯದೆಯೇ "ಊರಲ್ಲಿ ಏಳಿದೀಯಾ?" ಎಂದು ಕೇಳಿದರು.

ಇಲ್ಲ ಎಂದೆ.

"ಈಗ ಮಾಡು ಫೋನು. ನಾನಿಲ್ಲೇ ಕುಂತಿರ್ತೀನಿ."

ಅವ್ವನಿಗೆ ಹೇಳಿದೆ. "ಯಾವ ಕೈ?" ಎಂದಳು. ಬಲಗೈ ಎಂದೆ. "ಉಣ್ಣಾಕ ಹೆಂಗ ಮಾಡ್ತಿ?" ಎಂದಳು. ಚಮಚ ಐತಿ ಎಂದೆ. "ನಿನ್ನ ಹತ್ರ ಯಾರದಾರ?" ಎಂದು ಕೇಳುವಾಗ ಅವಳ ದನಿ ಒಡೆಯಿತು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಕೈ ಚಾಚಿ ಫೋನ್ ತೆಗೆದುಕೊಂಡರು.

"ಉಸಾರಾಗವ್ನೆ ಕಣವ್ವ. ನಾನು ನೋಡ್ಕೊತೀನಿ. ಈಗ್ತಾನೆ ಒಂದು ಮೀನು ಇಡ್ದ."

ನಮ್ಮ ಅವ್ವನಿಗೆ ಅವರ ಕನ್ನಡ, ಅವರಿಗೆ ನಮ್ಮ ಅವ್ವನ ಕನ್ನಡ ಎಷ್ಟು ತಿಳಿಯಿತೋ. ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಫೋನ್ ನನ್ನ ಕೈಗೆ ಬಂದಾಗ ಅವ್ವ ಮೂಗು ಒರೆಸಿಕೊಳ್ಳುತ್ತಾ ಕೇಳಿದ್ದು ಇಷ್ಟೇ: "ಮೀನ ತಿಂದಿಲ್ಲಲ್ಲ?"

"ಇಲ್ಲಬೇ. ಬರೇ ಹಿಡಿಯೂದು."

ಅವ್ವ ನಕ್ಕಳು. ಅಳುವಿನ ನಡುವೆಯೇ ನಕ್ಕಳು.

ಅಜ್ಜಿಗೆ ಇದೆಲ್ಲ ಕಲಿಸಿದ್ದು ಅವರ ಅಪ್ಪ. ಬೇರೆ ಊರಿನ ಕೆರೆಗೆ ಅವರು ನೀರುಗಂಟಿ, ತೂಬು ತೆಗೆದು ಹೊಲಗಳಿಗೆ ನೀರು ಬಿಡುವವರು. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಅತ್ತೆ ಗಾಳದ ಕೋಲನ್ನು ಒಲೆಗೆ ಹಾಕಿದ್ದರಂತೆ. ಅತ್ತೆ ತೀರಿಕೊಂಡ ವರ್ಷವೇ ಹೊಸ ಕೋಲು ಕಡಿದು ತಂದುಕೊಂಡೆ ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ತಾವೇ ನಾಚಿಕೊಂಡರು.

ಗಾಯ ಮಾಗಿದ ಮೇಲೆ ವರ್ಕ್‌ಶಾಪಿನವರು ನನ್ನನ್ನು ಸ್ಟೋರಿನಲ್ಲಿ ಕೂರಿಸಿದರು. ಊಟದ ಬಿಡುವಿನಲ್ಲಿ ನಾನು ಗುಜರಿ ಡಬ್ಬಿಯಿಂದ ಹಿತ್ತಾಳೆ ತಗಡಿನ ತುಂಡು ಆರಿಸಿ, ಸೂಪರ್‌ವೈಸರನ್ನು ಕೇಳಿಕೊಂಡು, ಅಜ್ಜಿಗೆಂದು ಒಂದು ಸುಳ್ಳು ಮೀನು ಮಾಡತೊಡಗಿದೆ. ಕೊರಮೀನು ಮುದ್ದೆಗೆ ಬರುವುದಿಲ್ಲ, ಅದಕ್ಕೆ ಓಡಾಡುವ ಬೇಟೆ ಬೇಕು. ಮೊದಲ ತಗಡು ದಪ್ಪವಾಗಿ ಕಲ್ಲಿನಂತೆ ಮುಳುಗಿತು. ಎರಡನೆಯದರ ತೂತು ಓರೆಯಾಗಿ ಗಿರಗಿರ ತಿರುಗಿ ದಾರವನ್ನೆಲ್ಲ ಮುರುಚಿತು. ಮೂರನೆಯದನ್ನು ಚಮಚದ ಹಾಗೆ ತಗ್ಗು ಬಡಿದು, ತೆಳ್ಳಗೆ ಅರ ಹಾಕಿ, ಅಗಲ ತುದಿಗೆ ಗಾಳ ಸಿಕ್ಕಿಸಿದೆ. ಜೊಂಡಿನ ಅಂಚಿನಲ್ಲಿ ಎಸೆದು ಎಳೆದರೆ ಅದು ವಾಲಾಡುತ್ತಾ ಬಂತು. ನಿಲ್ಲಿಸಿದರೆ ಒರಗಿ ಬೀಳುತ್ತಿತ್ತು. ಸರಿಯಾಗಿ ಈಜುತ್ತಿಲ್ಲ ಎಂದು ನಾನು ಬೇಸರ ಮಾಡಿಕೊಂಡೆ.

"ಅಂಗೇ ಇರ್ಬೇಕು ಕಣೋ. ನೆಟ್ಟಗಿರೋ ಮೀನಿನ ಇಂದೆ ಕೊರಮೀನು ಯಾಕೆ ಓಡ್ತದೆ? ಏಟು ಬಿದ್ದಿರೋದನ್ನೇ ಅದು ಇಡಿಯಾದು. ಎರಡು ಸಲ ಎಳಿ, ಒಂದ್ಸಲ ಬಿಡು."

ಆ ವಾರದಲ್ಲೇ ಮೊಣಕೈಯುದ್ದದ ಕೊರಮೀನು ಬಿತ್ತು. ಅಜ್ಜಿ ಅದನ್ನು ಬಕೆಟ್ಟಿನಲ್ಲಿ ಹಾಕಿ, ರೂಮುಗಳ ಮುಂದೆಲ್ಲ ಹೋಗಿ, "ಇವನು ಮಾಡಿದ್ದರಲ್ಲಿ ಬಿದ್ದದ್ದು" ಎಂದು ತೋರಿಸಿಕೊಂಡು ಬಂದರು. ಅದನ್ನು ಕೇಳಿಯೋ ಏನೋ, ತಿಂಗಳೊಳಗೆ ನಾನೇ ಹೋಗಿ ಲೇತ್ ಮೇಲೆ ಮತ್ತೆ ನಿಲ್ಲಿಸಿ ಎಂದು ಕೇಳಿದೆ. ನಿಲ್ಲಿಸಿದರು. ಈಗಲೂ ಅದೇ ಕೆಲಸ.

ಒಂದೇ ಒಂದು ವಿಷಯಕ್ಕೆ ಅವರು ನನ್ನ ಕೋಲನ್ನು ಕಿತ್ತುಕೊಂಡಿದ್ದರು. ನೀರ ಮೇಲೆ ಹಬ್ಬಿದ ಅಂತರಗಂಗೆ ಕಳೆಯ ನಡುವೆ ಕೆಂಪಗೆ, ಕುಂಕುಮ ಕಲಸಿದಂತೆ ನೀರು ಕುದಿಯುತ್ತಿತ್ತು. ಕೊರಮೀನಿನ ಮರಿಗಳ ಹಿಂಡು. ಕೆಳಗೆ ತಾಯಿ. ಏನು ಎಸೆದರೂ ಕೋಪಕ್ಕೆ ಕಚ್ಚುತ್ತದೆ. ನಾನು ಎಸೆಯಲು ಹೋದೆ. "ಮರಿ ಕಾಯ್ತಿರೋದಕ್ಕೆ ಗಾಳ ಆಕ್ತೀಯಾ?" ಎಂದರು. ಕೋಲನ್ನು ಮನೆಗೆ ಬಂದ ಮೇಲೆಯೇ ಹಿಂದಕ್ಕೆ ಕೊಟ್ಟರು.

ಮುಂದಿನ ಬೇಸಿಗೆಯ ಮೊದಲ ಮಳೆ ಬಿದ್ದ ಮರುದಿನ ಬೆಳಿಗ್ಗೆ ಕೆರೆಯ ಕಡೆಯಿಂದ ಕೆಟ್ಟ ವಾಸನೆ. ಹೋಗಿ ನೋಡಿದರೆ ದಡದ ಉದ್ದಕ್ಕೂ ಬಿಳಿ. ಮಳೆನೀರಿನ ಜೊತೆ ಕಾಲುವೆಯಲ್ಲಿ ಯಾರು ಏನು ಬಿಟ್ಟಿದ್ದರೋ, ಇವತ್ತಿಗೂ ಗೊತ್ತಾಗಿಲ್ಲ. ಜಿಲೇಬಿ, ಗೆಂಡೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಸ್ವಲ್ಪ ಹೊತ್ತು ನಿಂತರು. ಆಮೇಲೆ ಜೊಂಡಿನ ಕಡೆ ಕೈ ತೋರಿಸಿದರು. ಕೊರಮೀನುಗಳು ಬಾಯಿ ಮೇಲೆತ್ತಿ ಗಾಳಿ ಕುಡಿಯುತ್ತಿದ್ದವು.

"ಇವು ಇನ್ನೂ ಬದುಕ್ತವೆ. ಬಕೀಟು ತತ್ತಾ."

ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ. ರೂಮುಗಳಲ್ಲಿ ರಜೆಯಿದ್ದವರೆಲ್ಲ ಬಂದರು. ಹಳೆಯ ಸೊಳ್ಳೆ ಪರದೆಯಲ್ಲಿ ಮೀನು ಬಳಿದು, ಪೇಂಟಿನ ಬಕೆಟ್ಟುಗಳಲ್ಲಿ ಹೊತ್ತು, ಅಜ್ಜಿಯ ಕೊನೆಯ ತುಂಡು ಜಮೀನಿನಲ್ಲಿ ಉಳಿದಿದ್ದ ಹಳೆ ಬಾವಿಗೆ ಸುರಿದೆವು. ಅಜ್ಜಿ ಸೊಂಟದವರೆಗೆ ನೀರಿನಲ್ಲಿ ನಿಂತಿದ್ದರು. ಮೇಲೆ ಬನ್ನಿ ಎಂದರೆ ಕೇಳಲಿಲ್ಲ. ಅಷ್ಟರಲ್ಲಿ ಮಗ ಕಾರಿನಲ್ಲಿ ಬಂದರು. ಬಿಳಿ ಷರ್ಟು, ಯಾವುದೋ ಗೃಹಪ್ರವೇಶಕ್ಕೆ ಹೊರಟಿದ್ದವರು. ಏರಿಯ ಮೇಲೆ ನಿಂತು ಅಮ್ಮನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬೂಟು ಬಿಚ್ಚಿ, ಪ್ಯಾಂಟು ಮಡಚಿ ನೀರಿಗಿಳಿದು, ಅಮ್ಮನ ಕೈಯಿಂದ ಬಕೆಟ್ ತೆಗೆದುಕೊಂಡರು.

"ನೀನು ಮೇಲೋಗಮ್ಮ. ನಾನು ಹಿಡೀತೀನಿ."

ಆಗ ಅಜ್ಜಿ ದಡ ಹತ್ತಿ ಕುಳಿತರು. ಅವರ ಕಾಲುಗಳು ಕೆಂಪಗೆ ಊದಿದ್ದವು. ಮಗ ಹೊರುವುದನ್ನೇ ನೋಡುತ್ತಿದ್ದರು...

ಆಮೇಲೆ ಅವರು ಕೆರೆಗೆ ಹೋಗಲಿಲ್ಲ. ಆ ನೀರಿನಿಂದ ಕಾಲಿಗಾದ ಹುಣ್ಣು ಬೇಗ ಒಣಗಲಿಲ್ಲ, ಸಕ್ಕರೆ ಕಾಯಿಲೆ ಇತ್ತು. ಕೆಲಸ ಮುಗಿಸಿ ಬಂದಾಗ ಜಗುಲಿಯಲ್ಲಿ ಕೂತಿರುತ್ತಿದ್ದರು. ನಾನೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರುತ್ತಿದ್ದೆ. ನನಗೆ ಹೆಣ್ಣು ನಿಶ್ಚಯವಾಗಿದೆ ಎಂದಾಗ "ಮೀನು ತಿನ್ನೋರಾ?" ಎಂದು ಕೇಳಿ, ಅಲ್ಲ ಎಂದಿದ್ದಕ್ಕೆ ತಲೆ ಚಚ್ಚಿಕೊಂಡು ನಕ್ಕಿದ್ದರು.

ನಿಶ್ಚಿತಾರ್ಥಕ್ಕೆ ಊರಿಗೆ ಹೋಗಿದ್ದಾಗಲೇ ಅವರು ಹೋದರು. ಮಗ ಫೋನ್ ಮಾಡಿ "ಅಮ್ಮ ಇಲ್ಲ ಗುರು" ಎಂದಷ್ಟೇ ಹೇಳಿದರು. ಮರುದಿನ ಬೆಳಿಗ್ಗೆ ನಾನು ಬಂದು ಇಳಿದಾಗ ಎಲ್ಲ ಮುಗಿದಿತ್ತು. ಬೀದಿಯ ತಿರುವಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ರೇಷ್ಮೆ ಸೀರೆ ಉಟ್ಟು ಗಟ್ಟಿಯಾಗಿ ಕೂತ ಒಬ್ಬ ಹೆಂಗಸಿನ ಫೋಟೊ, ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಹೆಸರು. ಐದು ವರ್ಷದಲ್ಲಿ ಆ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಕೇಳಬೇಕೆಂದು ಒಮ್ಮೆಯೂ ತೋಚಿರಲಿಲ್ಲ. ಇಲ್ಲಿ ಅದನ್ನು ಬರೆಯಲು ಹೊರಟು ನಿಲ್ಲಿಸಿದೆ. ಆ ಹೆಸರಿನವರನ್ನು ನಾನು ಬಲ್ಲೆ ಎಂದು ಅನಿಸುವುದಿಲ್ಲ.

ಮದುವೆಯಾದ ಮೇಲೆ ನಾಗಸಂದ್ರದ ಕಡೆ ಮನೆ ಮಾಡಿದೆ. ಆ ಕಡೆ ಹೋಗುವುದು ತಪ್ಪಿತು.

ಕಳೆದ ತಿಂಗಳು ಪಂಕ್ಚರ್ ಹಾಕಿದ ಮೇಲೆ ಸ್ಕೂಟರನ್ನು ಆ ದಾರಿಗೇ ತಿರುಗಿಸಿದೆ. ಕೆರೆಯ ಹೂಳೆತ್ತಿದ್ದಾರೆ. ಸುತ್ತ ತಂತಿಬೇಲಿ, ಒಳಗೆ ನಡೆಯುವವರಿಗೆ ಕಲ್ಲಿನ ಹಾದಿ, ಮೀನು ಹಿಡಿಯುವುದನ್ನು ನಿಷೇಧಿಸಿದೆ ಎಂಬ ಬೋರ್ಡು. ನೀರು ಮೊದಲಿಗಿಂತ ಚೆನ್ನಾಗಿದೆ. ಅಷ್ಟು ಚೆನ್ನಾದ ನೀರನ್ನು ಅವರು ನೋಡಲಿಲ್ಲವಲ್ಲ ಎಂದು ಬೇಲಿ ಹಿಡಿದುಕೊಂಡು ಬಹಳ ಹೊತ್ತು ನಿಂತುಬಿಟ್ಟೆ.

ವರ್ಕ್‌ಶಾಪಿಗೆ ಬಂದಾಗ ಊಟದ ಹೊತ್ತು ಮೀರಿತ್ತು. ಹೊಸ ಸೂಪರ್‌ವೈಸರ್ ಕಾರಣ ಕೇಳಿದ. ನನ್ನ ಮುಖ ನೋಡಿ ದನಿ ತಗ್ಗಿಸಿದ. ನಮ್ಮ ಮನೆಯ ಹಿರಿಯರೊಬ್ಬರು ತೀರಿಕೊಂಡಿದ್ದಾರೆ ಎಂದೆ.

"ಅಯ್ಯೋ, ಯಾವಾಗಣ್ಣ?" ಎಂದ.

ನಾಲ್ಕು ವರ್ಷವಾಯಿತು ಎಂದು ಹೇಳಲಾಗದೆ, ಕೈ ತೊಳೆದುಕೊಂಡು ಮಷೀನಿನ ಮುಂದೆ ಹೋಗಿ ನಿಂತೆ.