ಊರಿಗೆ ಹೋದ ಒಂಬತ್ತನೇ ಕ್ಲಾಸು

ನಮ್ಮ ಹೈಸ್ಕೂಲಿನ ಹೆಡ್‌ಮಿಸ್ಸು ಪ್ರತಿ ಶನಿವಾರ ಮಧ್ಯಾಹ್ನ ಪೋಷಕರ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಮೊದಲು ಶಾಲೆಯ ಸುದ್ದಿ, ಆಮೇಲೆ ಮಕ್ಕಳ ಆರೋಗ್ಯ. ಗಂಟಲು ಸರಿಮಾಡಿಕೊಳ್ಳುವ ಕೆಲಸವನ್ನು ಅವರು ಮೆಸೇಜಿನ ಒಳಗೇ ಮಾಡುತ್ತಿದ್ದರು. ಅದಾದ ಮೇಲೆ "ಆತ್ಮೀಯ ಪೋಷಕರೇ". ಖೋಖೋದಲ್ಲಿ ನಮ್ಮ ಹುಡುಗಿಯರಿಗೆ ಎರಡನೇ ಸ್ಥಾನ. ಆಡಿದ್ದೇ ಎರಡು ಟೀಮು ಅನ್ನೋದು ಸುದ್ದಿಯಲ್ಲಿ ಬರುತ್ತಿರಲಿಲ್ಲ. ಮಕ್ಕಳ ಉಗುರು ಕತ್ತರಿಸಿ. ನೀರು ಕುದಿಸಿ ಆರಿಸಿ ಕೊಡಿ. ಸೋಮವಾರ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಕ್ಕಳು ಕಿಟಕಿಯಿಂದಾಚೆ ಎಸೆಯುತ್ತಿದ್ದಾರೆ, ಹೀಗಾಗಿ ಕಿಟಕಿ ಕೆಳಗಿನ ಕ್ರೋಟನ್ ಗಿಡ ಮಾತ್ರ ಬಹಳ ಆರೋಗ್ಯವಾಗಿದೆ. ಇದನ್ನೆಲ್ಲ ಅವರು ನಗದೇ ಹೇಳುತ್ತಿದ್ದರು.

ನಾನು ಅವರ ದನಿ ತೆಗೆಯುತ್ತಿದ್ದೆ, ಥೇಟ್ ಅವರ ಹಾಗೇ. ಅವರದ್ದೊಂದೇ ಅಲ್ಲ. ಪಿಟಿ ಸರ್ ವಿಷಲ್ ಇಲ್ಲದೆಯೇ ವಿಷಲ್ ಊದುವುದು, ನಮ್ಮಪ್ಪ ಬಾಡಿಗೆದಾರರ ಜೊತೆ ನೀರಿನ ಮೋಟರ್ ವಿಷಯಕ್ಕೆ ಜಗಳ ಶುರುಮಾಡಿ ಕೊನೆಗೆ ತಾವೇ ಸಾರಿ ಕೇಳುವುದು, ಹೆಬ್ಬಾಳ ಫ್ಲೈಓವರ್ ಕೆಳಗೆ ಸಿಕ್ಕಿಹಾಕಿಕೊಂಡ ಕಂಡಕ್ಟರ್ ಜೀವನದ ಬಗ್ಗೆ ಮಾತಾಡುವುದು, ಎಲ್ಲ ಬರುತ್ತಿತ್ತು. ಬರದೇ ಇದ್ದದ್ದು ಗಣಿತ. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಸ್ಥಾನ ಖೋಖೋ ಟೀಮಿನಷ್ಟೂ ಗೌರವದ್ದಾಗಿರಲಿಲ್ಲ.

ನಮ್ಮ ಕ್ಲಾಸ್ ಟೀಚರು ಕನ್ನಡ ಮಿಸ್ಸು. ಜಾಲಹಳ್ಳಿಯಿಂದ ಬಸ್ಸಲ್ಲಿ ಬರುತ್ತಿದ್ದರು. ಆಗ ಅವರು ಬಸುರಿ. ಎಷ್ಟನೇ ತಿಂಗಳು ಅಂತ ಹುಡುಗಿಯರ ಬೆಂಚಿನಲ್ಲಿ ಎರಡು ಪಕ್ಷಗಳಿದ್ದವು. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ದಿನ, ಹೋಂವರ್ಕ್ ಮಾಡಿಲ್ಲ ಅಂತ ಅವರು ನನ್ನನ್ನು ಟೇಬಲ್ ಹತ್ತಿರ ಕರೆದರು. ಬೈದರು. ಬೈದು ಮುಗಿದ ಮೇಲೆ ದನಿ ತಗ್ಗಿಸಿ, "ಸರಿ, ಹೆಡ್‌ಮಿಸ್ ಕ್ರೋಟನ್ ಗಿಡದ್ದು ಒಂದ್ಸಲ ಮಾಡೋ" ಅಂದರು. ಮಾಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಕು ಕಣೋ, ಒಳಗಿರೋದೂ ಒದೀತಿದೆ." ಅದನ್ನು ನಾನು ನನಗೆ ಬಂದ ಮೆಚ್ಚುಗೆ ಅಂತಲೇ ತಗೊಂಡೆ.

ಮಾರನೇ ದಿನ ನನಗೆ ಜ್ವರ. ಅದರ ಮಾರನೇ ದಿನ ಹೊಟ್ಟೆಯ ಮೇಲೆ ನೀರುಗುಳ್ಳೆ.

ಅಜ್ಜಿ ಶರ್ಟ್ ಎತ್ತಿ ನೋಡಿ, ಕೈ ಮುಗಿದರು. ನನ್ನ ಹೊಟ್ಟೆಗೆ ಯಾರೂ ಅಲ್ಲಿಯವರೆಗೆ ಕೈ ಮುಗಿದಿರಲಿಲ್ಲ. "ಅಮ್ಮ ಬಂದವ್ಳೆ" ಅಂದರು. ನಮ್ಮಲ್ಲಿ ಸಿಡುಬಿನಂಥದ್ದು ಏಳುವುದು ದೇವಿ ಮೈಮೇಲೆ ಬಂದ ಹಾಗೆ. ಅವಳು ನೆಂಟಳು, ಬಂದಿರುವಷ್ಟು ದಿನ ತಂಪಾಗಿ ನೋಡಿಕೊಂಡು ಮರ್ಯಾದೆಯಿಂದ ಕಳಿಸಬೇಕು. ಬಾಗಿಲಿಗೆ ಬೇವಿನ ಸೊಪ್ಪು ಬಂತು. ಅಡುಗೆಮನೆಯಲ್ಲಿ ಒಗ್ಗರಣೆ ನಿಂತಿತು. ಮೂರು ಸಲ ಬೇವಿನ ನೀರು ಹಾಕುವವರೆಗೂ ನಾನು ಹೊಸಿಲು ದಾಟುವಂತಿಲ್ಲ. ವರ್ಷವಿಡೀ ನನ್ನನ್ನು "ಲೋ ಕತ್ತೆ" ಅನ್ನುತ್ತಿದ್ದ ಅಪ್ಪ, ರೂಮಿನ ಬಾಗಿಲಲ್ಲಿ ನಿಂತು "ಏನ್ ಬೇಕಪ್ಪಾ, ಎಳನೀರ್ ಬೇಕಾ?" ಅಂತ ಕೇಳಿದರು. ಅದು ನನ್ನನ್ನು ಕೇಳಿದ್ದಲ್ಲ ಅಂತ ಗೊತ್ತಿದ್ದೂ ಬೇಕು ಅಂದೆ.

ನಮ್ಮ ಮೇಲಿನ ಮನೆಯ ಬಾಡಿಗೆಯವರ ಸೊಸೆಯೂ ಆಗ ಬಸುರಿ. ಅಜ್ಜಿ ಅವತ್ತೇ ಮೆಟ್ಟಿಲ ಕೆಳಗೆ ನಿಂತು ಕೂಗಿದರು: "ಏ ಮಗಾ, ತಾಯಿ ಮನೆಗೆ ಓಗು. ಅಮ್ಮ ಇರೋ ತಾವ ಬಸುರಿ ಇರಬಾರ್ದು." ಆ ಹುಡುಗಿ ಸಂಜೆಯೊಳಗೆ ಯಶವಂತಪುರಕ್ಕೆ ಹೋದಳು.

ಶಾಲೆಗೆ ಅಪ್ಪ ಫೋನ್ ಮಾಡಿ, "ಊರಿಗೆ ಹೋಗಿದಾನೆ ಮೇಡಂ" ಅಂದರು. ನಮ್ಮೂರು ಇದೇ, ಹೆಬ್ಬಾಳದ ಪಕ್ಕದ ಕೆಂಪಾಪುರ. ತಾತನ ತಾತನ ಕಾಲದಿಂದಲೂ ಅದೇ. ಹೊಲವಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಆದರೆ ಮನೆ ಅಲ್ಲೇ ಇದೆ. ನಾನು ಊರಿಗೆ ಹೋಗಬೇಕೆಂದರೆ ಹಾಲ್‌ನಿಂದ ರೂಮಿಗೆ ಹೋಗಬೇಕು.

ಶನಿವಾರ ಬಂತು. ಮಮ್ಮಿ ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಹಾಸಿಗೆಯ ಹತ್ತಿರ ಕೂತರು. ಗಂಟಲು, ಆತ್ಮೀಯ ಪೋಷಕರೇ, ಕಬಡ್ಡಿ ಆಯ್ಕೆ. ಆಮೇಲೆ ಹೆಡ್‌ಮಿಸ್ ಹೇಳಿದರು: "ಪರೀಕ್ಷೆ ಹತ್ತಿರವಿರುವಾಗ ಒಂಬತ್ತನೇ ತರಗತಿಯ ಇಷ್ಟೊಂದು ಮಕ್ಕಳು ಊರಿಗೆ ಹೋಗಿರುವುದು ಬೇಸರದ ಸಂಗತಿ. ಸಂತೋಷದ ವಿಷಯವೆಂದರೆ, ಅಂಟು ರೋಗಗಳಿದ್ದರೆ ತಿಳಿಸಿ ಎಂದು ಕೇಳಿದ್ದಕ್ಕೆ ಎಲ್ಲಾ ಪೋಷಕರೂ ಇಲ್ಲ ಎಂದು ಉತ್ತರಿಸಿದ್ದೀರಿ. ನಮ್ಮ ಶಾಲೆ ಆರೋಗ್ಯವಾಗಿದೆ."

ನಾನು ಮೈತುಂಬ ಗುಳ್ಳೆ ಇಟ್ಟುಕೊಂಡು ಕೇಳಿಸಿಕೊಂಡೆ.

"ಮಮ್ಮಿ, ನೀನೂ ಇಲ್ಲ ಅಂದ್ಯಾ?"

"ಇಲ್ವಲ್ಲೋ. ರೋಗ ಎಲ್ಲಿದೆ ನಮ್ಮನೇಲಿ?"

"ಇದು?"

"ಶ್! ಇದನ್ನ ರೋಗ ಅಂತಾರಾ? ಕೆನ್ನೆಗೆ ಹೊಡ್ಕೋ."

ಹೊಡೆದುಕೊಂಡೆ, ಗುಳ್ಳೆ ತಪ್ಪಿಸಿ. ಹೆಡ್‌ಮಿಸ್ಸಿಗೆ ಅಮ್ಮ ಬರುವುದು ಅಂದರೇನು ಅಂತ ಗೊತ್ತಿಲ್ಲದೇ ಇರಲಿಲ್ಲ. ಅವರು ಕೇಳಿದ್ದು ರೋಗ. ನಮ್ಮವರು ಅದಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರು. ಊರಿನ ವಿಷಯ ಬಿಟ್ಟರೆ ಯಾರೂ ಸುಳ್ಳು ಹೇಳಿರಲಿಲ್ಲ.

ಅರ್ಧ ಗಂಟೆಯಲ್ಲಿ ನನ್ನ ಬೆಂಚಿನ ಗೆಳೆಯ ಫೋನ್ ಮಾಡಿದ.

"ಮಗಾ, ಯಾವ ಊರಲ್ಲಿದೀಯಾ?"

"ರೂಮಲ್ಲಿ."

"ಅಮ್ಮನಾ?"

"ಹೂಂ."

"ಎಲ್ಲರ ಮನೇಲೂ ಅದೇ ಗುರು. ನಂಗೂ ಕುತ್ತಿಗೆ ಕೆಳಗೆ ಎರಡು ಎದ್ದಿದೆ. ಇವತ್ತು ಕಬಡ್ಡಿ ಸೆಲೆಕ್ಷನ್ ಇತ್ತಲ್ಲ, ಪೌಡರ್ ಬಳ್ಕೊಂಡು ಹೋಗಿದ್ದೆ."

"ಪೌಡರ್ ಬಳ್ಕೊಂಡ್ರೆ ನಿನ್ನ ಗುರುತು ಹಿಡಿಯೋದು ಹೆಂಗೋ? ಸೆಲೆಕ್ಟ್ ಆದ್ಯಾ?"

"ಇಲ್ಲ."

"ಕ್ಲಾಸಲ್ಲಿ ಎಲ್ಲಿ ಕೂತಿದ್ದೆ?"

"ಫಸ್ಟ್ ಬೆಂಚು. ಕ್ಲಾಸು ಖಾಲಿ ಹೊಡೀತಿತ್ತಲ್ಲ, ಕನ್ನಡ ಮಿಸ್ ಇದ್ದೋರನ್ನೆಲ್ಲ ಮುಂದಕ್ಕೆ ಕರ್ದು, ಪಕ್ಕದಲ್ಲೇ ಚೇರ್ ಹಾಕ್ಕೊಂಡು ಪಾಠ ಮಾಡಿದ್ರು. ಪಾಪ, ನಿಂತ್ಕೊಳ್ಳೋಕಾಗಲ್ಲ ಅವರಿಗೆ."

ಫೋನ್ ಇಟ್ಟ ಮೇಲೆ ಎಳನೀರನ್ನು ಪಕ್ಕಕ್ಕಿಟ್ಟೆ. ಯಶವಂತಪುರಕ್ಕೆ ಹೋದ ಹುಡುಗಿ ನೆನಪಾದಳು. ಟೇಬಲ್ ಹತ್ತಿರ ನಾನು ಅವರ ಮುಖಕ್ಕೆ ಮುಖ ಕೊಟ್ಟು ಕ್ರೋಟನ್ ಗಿಡ ಮಾಡಿದ್ದು ನೆನಪಾಯಿತು. ಅವತ್ತು ನನ್ನ ಮೈಯಲ್ಲಿ ಏನೂ ಕಾಣುತ್ತಿರಲಿಲ್ಲ, ಆದರೆ ಒಳಗೆ ನೆಂಟಳು ಚೀಲ ಇಳಿಸಿ ಆಗಿತ್ತು. ಅಪ್ಪನ ಫೋನ್ ತಗೊಂಡು ಹೆಡ್‌ಮಿಸ್ಸಿಗೇ ಫೋನ್ ಮಾಡಿದೆ.

"ಮಿಸ್, ಒಂಬತ್ತನೇ ಕ್ಲಾಸಲ್ಲಿ ಯಾರೂ ಊರಿಗೆ ಹೋಗಿಲ್ಲ ಮಿಸ್. ಕನ್ನಡ ಮಿಸ್ಸಿಗೆ ಹೇಳ್ಬೇಕು..."

"ಯಾರು ಮಾತಾಡ್ತಿರೋದು?"

ಹೇಳಿದೆ.

"ಓಹೋ. ನನ್ನ ದನಿಯಲ್ಲಿ ಪಿಟಿ ಸರ್‌ಗೆ ಫೋನ್ ಮಾಡಿ ಇಡೀ ಗ್ರೌಂಡ್ ಗುಡಿಸಿಸಿದೋನು. ಇವತ್ತು ಯಾರ ದನಿ ಇದು? ಚೆನ್ನಾಗಿದೆ, ಅಳು ಬರೋ ಹಾಗಿದೆ."

"ಇದು ನಂದೇ ಮಿಸ್."

"ಊರಿಂದ ಬಾ, ಮಾತಾಡೋಣ." ಇಟ್ಟರು.

ಮಮ್ಮಿಗೆ ಗ್ರೂಪಿನಲ್ಲಿ ಹಾಕು ಅಂದೆ. "ಅಮ್ಮನ್ನ ಗ್ರೂಪಲ್ಲಿ ಹಾಕ್ತಾರೇನೋ?" ಅಂದರು. ಅಪ್ಪ, "ಹಾಕಿದ್ರೆ ಡಾಕ್ಟರ್ ಸರ್ಟಿಫಿಕೇಟ್ ಕೇಳ್ತಾರೆ. ಡಾಕ್ಟರ್ ಹತ್ರ ಕರ್ಕೊಂಡ್ ಹೋದ್ರೆ ಅಜ್ಜಿ ನನ್ನನ್ನ ಕೇಳ್ತಾರೆ" ಅಂದರು. ಗಲಾಟೆ ಕೇಳಿ ಅಜ್ಜಿಯೇ ಬಂದರು.

"ಏನಂತೆ?"

"ಅಜ್ಜಿ, ನಮ್ಮ ಕನ್ನಡ ಮಿಸ್ ಬಸುರಿ. ದಿನಾ ಅಮ್ಮ ಬಂದಿರೋ ಮಕ್ಕಳ ಮಧ್ಯ ಕೂತ್ಕೋತಿದಾರೆ."

ಅಜ್ಜಿಯ ಮುಖದಲ್ಲಿ ನಾನು ನೋಡದೇ ಇದ್ದದ್ದು ಏನೋ ಬಂತು. "ಇದನ್ನ ಇವತ್ತು ಯೋಳ್ತೀಯಾ? ಇವತ್ತಾ? ಎಲ್ಲಿ ಮಾತಾಡ್ಬೇಕು ಇದ್ರಾಗೆ?"

ಕನ್ನಡ ಮಿಸ್ಸೂ ಇದ್ದ ಪೋಷಕರ ಗ್ರೂಪು ತೆರೆದು, ವಾಯ್ಸ್ ಮೆಸೇಜಿನ ಗುಂಡಿ ಒತ್ತಿ ಹಿಡಿದೆ. ಅಜ್ಜಿ ಫೋನಿನ ಸಹಾಯವಿಲ್ಲದೆಯೇ ಜಾಲಹಳ್ಳಿಗೆ ಕೇಳಿಸುವಂತೆ ಮಾತಾಡಿದರು.

"ಎಲ್ಲಾ ಚೆನ್ನಾಗಿದೀರವ್ವಾ? ನಾನು ಕೆಂಪಾಪುರದೋಳು, ಆ ಎಲ್ರನ್ನೂ ಆಡ್ಕೊತಾನಲ್ಲ, ಆ ಹುಡುಗನ್ ಅಜ್ಜಿ. ನಮ್ಮೋನು ಯಾವೂರ್ಗೂ ಓಗಿಲ್ಲ. ನಮ್ಮನೇಲಿ ಅಮ್ಮ ಅವ್ಳೆ. ನಿಮ್ಮನೇಲಿದ್ರೆ ನೀವೂ ಇಂಗೇ ಯೋಳ್ಬುಡಿ, ಬಚ್ಚಿಡಬ್ಯಾಡಿ. ಕನ್ನಡದ್ ಮೇಡಮ್ಮಾ, ನೀನು ಇಸ್ಕೂಲ್ ಕಡೆ ಬರಬ್ಯಾಡ ತಾಯಿ. ಇವತ್ತೇ ಆಸ್ಪತ್ರೆಗೆ ಓಗು. ಮೂರು ನೀರು ಆಗೋಗಂಟ ನಮ್ ಹುಡುಗ ಒಸ್ಲು ದಾಟಲ್ಲ. ಅವ್ನು ಬಂದು ಕಲಿಯೋದೂ ಅಷ್ಟರಲ್ಲೇ ಐತೆ."

"ನನ್ನನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗಲ್ಲ, ಅವರಿಗೆ ಹೋಗು ಅಂತೀರಲ್ಲಜ್ಜಿ" ಅಂದೆ.

"ನಿನ್ ಮೇಲೆ ಅಮ್ಮ ಅವ್ಳೆ. ಅವ್ಳೊಳಗೆ ಕೂಸೈತೆ. ಎರಡೂ ಒಂದೇಯಾ?"

ಗ್ರೂಪಿನಲ್ಲಿ ಮೊದಲು ಯಾರೋ ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಒಬ್ಬರು, "ನಮ್ಮನೇಲೂ ಬಂದಿದ್ದಾರೆ." ಇನ್ನೊಬ್ಬರು, "ನಮ್ಮನೇಲಿ ಇಬ್ಬರ ಮೇಲೆ." ಊರಿಗೆ ಹೋಗಿದ್ದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಮನೆಯಲ್ಲೇ ಸಿಕ್ಕರು. ನನ್ನ ಬೆಂಚಿನ ಗೆಳೆಯನ ತಾಯಿ, "ನಮ್ಮವನಿಗೆ ಬರೋ ಹಾಗಿದೆ" ಅಂತ ಹಾಕಿದರು. ಪೌಡರ್ ಕೆಳಗೆ ಆಗಲೇ ಬಂದಾಗಿತ್ತು.

ಸಂಜೆಗೆ ಹೆಡ್‌ಮಿಸ್ಸಿನ ಇನ್ನೊಂದು ಮೆಸೇಜು ಬಂತು. ಅದರಲ್ಲಿ ಗಂಟಲು ಸರಿಮಾಡಿಕೊಂಡಿರಲಿಲ್ಲ. "ಅಮ್ಮ ಬಂದಿರುವ ಮನೆಯವರು ದಯವಿಟ್ಟು ಮಕ್ಕಳನ್ನು ಕಳಿಸಬೇಡಿ. ಸರ್ಟಿಫಿಕೇಟ್ ಬೇಡ. ಹಾಜರಾತಿ ನನ್ನ ಜವಾಬ್ದಾರಿ. ನಿಮ್ಮ ಕನ್ನಡ ಟೀಚರ್ ಈಗ ಡಾಕ್ಟರ ಹತ್ತಿರ ಇದ್ದಾರೆ." ಅಷ್ಟೇ. ಆಮೇಲೆ ಅಪ್ಪನಿಗೆ ಫೋನ್ ಮಾಡಿ, "ನಿಮ್ಮ ಹುಡುಗ ಹೇಳಿದಾಗ ನಾನು ಕೇಳಿಸಿಕೊಳ್ಳಬೇಕಿತ್ತು" ಅಂದರಂತೆ. ಅಪ್ಪ, "ಇಲ್ಲ ಮೇಡಂ, ನಾವೂ ಕೇಳಲ್ಲ" ಅಂದರಂತೆ.

ಡಾಕ್ಟರ ಮುಂದೆ ನಡೆದದ್ದನ್ನು ಮಿಸ್ಸೇ ಆಮೇಲೆ ಹೇಳಿದ್ದು. ಚಿಕ್ಕಂದಿನಲ್ಲಿ ಇದು ಒಮ್ಮೆ ಆಗಿದ್ದರೆ ಭಯ ಕಡಿಮೆ, ಆಗಿರದಿದ್ದರೆ ತಡಮಾಡದೆ ಇಂಜೆಕ್ಷನ್ ಕೊಡಬೇಕು, ನೆನಪಿದೆಯಾ ಅಂತ ಡಾಕ್ಟರು ಕೇಳಿದ್ದಾರೆ. ಮಿಸ್ಸಿಗೆ ನೆನಪಿಲ್ಲ. ಟಿ. ದಾಸರಹಳ್ಳಿಯಲ್ಲಿರುವ ತಾಯಿಗೆ ಫೋನ್ ಮಾಡಿದರೆ, "ನಿಂಗೆ ಯಾವ ಕಾಯಿಲೆನೂ ಬಂದಿಲ್ಲ ಕಣೇ, ಕಲ್ಲುಗುಂಡಿನ ಹಾಗೆ ಬೆಳೆಸಿದೀನಿ" ಅಂದರಂತೆ. ಆಗ ಮಿಸ್ಸಿಗೆ ಹೊಳೆದು, ಪ್ರಶ್ನೆ ಬದಲಾಯಿಸಿ ಕೇಳಿದರು: "ನನ್ನ ಮೇಲೆ ಯಾವಾಗಾದ್ರೂ ಅಮ್ಮ ಬಂದಿದ್ಲಾ?"

"ಅಯ್ಯೋ, ಅದಾ! ಬಂದಿದ್ಲಲ್ಲ, ನೀನು ಮೂರನೇ ಕ್ಲಾಸಲ್ಲಿದ್ದಾಗ. ಎಷ್ಟು ಚೆನ್ನಾಗಿ ಕಳಿಸಿಕೊಟ್ವಿ!"

ಡಾಕ್ಟರು ತಾಯಿಯ ಮಾತನ್ನು ಕೇಳಿಸಿಕೊಂಡರು, ಆದರೆ ರಕ್ತವನ್ನೂ ಲ್ಯಾಬಿಗೆ ಕಳಿಸಿದರು. ರಿಪೋರ್ಟು ಬರುವವರೆಗೆ ಯಾರೂ ಏನೂ ಹೇಳುವಂತಿರಲಿಲ್ಲ.

ಆ ಭಾನುವಾರ, ಸೋಮವಾರ ನಮ್ಮ ಮನೆಯಲ್ಲಿ ಟಿವಿ ಹಾಕಲಿಲ್ಲ. ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ತೆಗೆ ಅಂತ ಯಾರೂ ಕೇಳಲೂ ಇಲ್ಲ. ಅಜ್ಜಿ ಬೆಳಿಗ್ಗೆ ಮೊಸರನ್ನ ಕಲಸಿ ನನ್ನ ಹಾಸಿಗೆಯ ಪಕ್ಕ ಇಟ್ಟು, ನನ್ನ ಹಣೆಯನ್ನೇ ನೋಡುತ್ತ ದೇವಿಯ ಜೊತೆ ಮಾತಾಡಿದರು: "ಆ ಮೇಡಮ್ಮನ್ ತಾವ ಓಗಬ್ಯಾಡ ಕಣವ್ವಾ. ಬೇಕಾದ್ರೆ ಇಲ್ಲೇ ಇನ್ನೆರಡು ದಿನ ಇರು, ನಾನ್ ನೋಡ್ಕೊತೀನಿ." ಆ ಇನ್ನೆರಡು ದಿನ ಯಾರ ಮೈಮೇಲೆ ಇರಬೇಕು ಅನ್ನುವ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನೂ ಆಗಲಿ ಅನ್ನುತ್ತಿದ್ದೆ.

ಮಂಗಳವಾರ ಮಧ್ಯಾಹ್ನ ಅಪ್ಪನ ಫೋನಿಗೆ ಮಿಸ್ ಫೋನ್ ಮಾಡಿ ನನ್ನನ್ನು ಕೇಳಿದರು.

"ರಿಪೋರ್ಟ್ ಬಂತು ಕಣೋ. ನನ್ನೊಳಗೆ ಅದನ್ನ ತಡೆಯೋ ಶಕ್ತಿ ಇದೆಯಂತೆ. ಮಗುಗೆ ಏನೂ ಆಗಲ್ವಂತೆ."

"ಹೌದಾ ಮಿಸ್" ಅಂದೆ. ಅವರು ಆಮೇಲೆ, "ನಿಂದು ಎರಡು ಪಾಠದ ಪ್ರಶ್ನೋತ್ತರ ಬಾಕಿ ಇದೆ, ಮಲಗಿದ ಕಡೆಯೇ ಬರಿ" ಅಂದರು. ಮೂಗು ಏರಿಸಿಕೊಂಡದ್ದು ಕೇಳಿಸಿತು.

ಅಜ್ಜಿ ಫೋನ್ ಕಿತ್ತುಕೊಂಡರು. "ಅಳಬ್ಯಾಡ ಮಗಾ. ಉಂಡ್ಯಾ?"

"ಇಲ್ಲಜ್ಜಿ. ಶನಿವಾರದಿಂದ ಏನೂ ಸೇರ್ತಿರಲಿಲ್ಲ. ಈಗ ಹಸಿವಾಗ್ತಿದೆ."

"ಅಂಗಾದ್ರೆ ಫೋನ್ ಮಡಗು. ಓಗು, ಉಣ್ಣೋಗು."

ಯಾವ ಗುಂಡಿ ಒತ್ತಬೇಕು ಅಂತ ಗೊತ್ತಾಗದೆ ಅಜ್ಜಿ ಫೋನನ್ನು ನನ್ನ ಕೈಗೇ ಕೊಟ್ಟರು. ಮಿಸ್ಸೂ ಇಟ್ಟಿರಲಿಲ್ಲ, ಮರೆತಿದ್ದರು. ಆ ಕಡೆ ಯಾರನ್ನೋ ಕೂಗಿ ಅನ್ನ ಬಡಿಸಲು ಹೇಳಿದರು. ತಟ್ಟೆ ಇಟ್ಟ ಸದ್ದಾಯಿತು. ಆಮೇಲೆ, "ಇನ್ನೊಂದ್ ಸ್ವಲ್ಪ ಹಾಕು" ಅಂದರು.